ನ್ಯೂಯಾರ್ಕಿನ ಕೆಂಪು ಹೃದಯ ಬೆಂಗಳೂರಿಗೆ ಹೊಂದುತ್ತದೆಯೇ?

ಪರ

1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್ ನಗರದ ಬೊಕ್ಕಸ ದಿವಾಳಿಯ ಅಂಚಿಗೆ ಬಂದಿತ್ತು. ಅಪರಾಧಗಳ ಸುದ್ದಿಗೆ ಅಂಜಿ ಪ್ರವಾಸಿಗರು ಅತ್ತ ಸುಳಿಯಲು ಹಿಂಜರಿಯುತ್ತಿದ್ದರು. ಆಗ ವಿನ್ಯಾಸಕಾರ ಮಿಲ್ಟನ್ ಗ್ಲೇಸರ್ ಟ್ಯಾಕ್ಸಿಯಲ್ಲಿ ಕುಳಿತು ಲಕೋಟೆಯೊಂದರ ಮೇಲೆ ಕೆಂಪು ಕ್ರೇಯಾನ್‌ನಿಂದ ಗೀಚಿದ ‘ಐ ಲವ್ ಎನ್‌ವೈ’, ‘ಲವ್’ ಪದದ ಜಾಗದಲ್ಲಿ ಹೃದಯವನ್ನು ಹೊತ್ತು, 1977ರ ಪ್ರವಾಸೋದ್ಯಮ ಪ್ರಚಾರದ ಮುಖವಾಯಿತು. ಅದಕ್ಕೆ ಅವರು ಸಂಭಾವನೆ ಪಡೆಯಲಿಲ್ಲ. ಲಾಂಛನದ ಟ್ರೇಡ್‌ಮಾರ್ಕ್ ನ್ಯೂಯಾರ್ಕ್ ರಾಜ್ಯದ್ದೇ ಆದರೂ, ಹೃದಯವನ್ನು ಕ್ರಿಯಾಪದವಾಗಿ ಓದುವ ರೂಢಿ ಇಂದು ಲೋಕದ ಸೊತ್ತು.

ಕನ್ನಡವನ್ನು ಇನ್ನೂ ಓದಲು ಬಾರದ ಸಾವಿರಾರು ಜನ ಅನ್ನ ಅರಸಿ ಬಂದು ನೆಲೆಸುವ ಬೆಂಗಳೂರಿನಲ್ಲಿ ಅಕ್ಷರದ ಹಂಗಿಲ್ಲದ ಈ ಚಿಹ್ನೆಗೆ ಬೆಲೆಯಿದೆ. ಕಳೆದ ಭಾನುವಾರ ನಮ್ಮ ಬಡಾವಣೆಯ ಪಾರ್ಕಿನ ಬಳಿ, ಆಳೆತ್ತರದ ‘ಐ ಲವ್ ಬೆಂಗಳೂರು’ ಅಕ್ಷರಗಳ ಮುಂದೆ ಊರಿನಿಂದ ಬಂದ ತಂದೆತಾಯಿಯನ್ನು ನಿಲ್ಲಿಸಿದ್ದ ಹುಡುಗನೊಬ್ಬ, “ಅಮ್ಮಾ, ಸ್ವಲ್ಪ ಈ ಕಡೆ ಬಾ, ಹಾರ್ಟ್ ಮುಚ್ಚಿಹೋಗ್ತಿದೆ” ಎನ್ನುತ್ತಿದ್ದ. ಆ ಸಡಗರವನ್ನು ನಕಲು ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ವಿರೋಧ

ಆ ಹುಡುಗನ ಸಡಗರದ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅವನ ಮುಂದೆ ನಿಲ್ಲಿಸಿದ ಅಕ್ಷರಗಳ ಬಗ್ಗೆ. ಗ್ಲೇಸರ್ ಅವರ ಹೃದಯ ತನ್ನ ಊರಿನ ಸಂಕಟಕ್ಕೆ ಮಿಡಿದಿತ್ತು: 2001ರ ದಾಳಿಯ ನಂತರ ಅವರು ಅದೇ ಹೃದಯದ ಅಂಚಿಗೆ ಕಪ್ಪು ಕಲೆಯೊಂದನ್ನು ಸೇರಿಸಿ, ‘ಎಂದಿಗಿಂತಲೂ ಹೆಚ್ಚು’ ಎಂಬ ಮಾತನ್ನು ಕೆಳಗೆ ಬರೆದರು. ಬೆಳ್ಳಂದೂರು ಕೆರೆ ನೊರೆಯುಕ್ಕಿ ಹೊತ್ತಿ ಉರಿದ ದಿನಗಳಲ್ಲಿಯೂ ನಮ್ಮ ಎರವಲು ಹೃದಯ ಮೊದಲಿನಂತೆಯೇ ಹೊಳೆಯುತ್ತಿತ್ತು. ಇನ್ನು, 2023ರಲ್ಲಿ ಸ್ವತಃ ನ್ಯೂಯಾರ್ಕ್ ನಗರವೇ ‘ವಿ ಲವ್ ಎನ್‌ವೈಸಿ’ ಎಂಬ ಹೊಸ ರೂಪ ತಂದಾಗ ಅಲ್ಲಿನ ಅನೇಕರು ಅದನ್ನು ಒಪ್ಪಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು ವಾಕ್ಯದ ಮಾತು. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುವುದರಿಂದ ಹೃದಯಕ್ಕೂ ಅಲ್ಲೇ ಸ್ಥಳ; ‘ನನಗೆ ಬೆಂಗಳೂರೆಂದರೆ ಇಷ್ಟ’ ಎನ್ನುವ ಕನ್ನಡದಲ್ಲಿ ಇಷ್ಟ ಬರುವುದು ಕೊನೆಗೆ. ‘ನಾನು’ ಮತ್ತು ‘ಬೆಂಗಳೂರು’ ಪದಗಳ ನಡುವೆ ಹೃದಯ ಇಟ್ಟ ಅಂಗಿಯನ್ನು ಓದಿದಾಗಲೆಲ್ಲ ಅದು ಅರ್ಧಕ್ಕೆ ನಿಂತ ಅನುವಾದದಂತೆ ನನ್ನ ಕಿವಿಗೆ ಕೇಳಿಸುತ್ತದೆ. ಪ್ರವಾಸೋದ್ಯಮ ಇಲಾಖೆ 2017ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆಂದೇ ಲಾಂಛನ ತಂದಾಗ ಬೇರೆ ದಾರಿ ಹಿಡಿದದ್ದು ನಿಜ, ಆದರೆ ಊರಿನ ಹೆಸರಿನೊಳಗೆ ‘ಬಿ ಯು’ (ನೀನು ನೀನಾಗಿರು) ಎಂದು ಓದಿಸುವ ಅದರ ಚಮತ್ಕಾರವೂ ಇಂಗ್ಲಿಷಿನದೇ.

ಹೃದಯ ಮಾಡುವ ಕೆಲಸಕ್ಕೆ ನಮ್ಮಲ್ಲಿ ಎರಡಕ್ಷರದ ಪದವೊಂದು ಮೊದಲಿನಿಂದಲೂ ಇದೆ. ಯಾವ ವಿನ್ಯಾಸಕಾರನ ನೆರವೂ ಇಲ್ಲದೆ ಆಟೊಗಳ ಹಿಂಬದಿಯಲ್ಲಿ ಹಳದಿ-ಕೆಂಪು ಬಣ್ಣದಲ್ಲಿ ಬರೆಸಿಕೊಳ್ಳುವ, ಮೆಟ್ರೋ ರೈಲಿಗೂ ಹೆಸರಾಗಿ ಅಂಟಿಕೊಂಡ ಆ ಪದ ‘ನಮ್ಮ’.