ಸ್ವಲ್ಪ ಶಾರ್ಪ್ ಮಾಡ್ರಿ ಅಣ್ಣಾರ

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರಿನ ಮುಂದೆ ನಿಂತು ತೆಗೆಸಿದ ಫೋಟೊ ಮಂಕಾಗಿದ್ದರೆ ಸ್ಟುಡಿಯೊದಲ್ಲಿ ಕೇಳುವ ಮಾತು ಒಂದೇ: “ಅಣ್ಣಾರ, ಸ್ವಲ್ಪ ಶಾರ್ಪ್ ಮಾಡ್ರಿ.” ಅಪಾಯ ಇರುವುದು ಆ ‘ಸ್ವಲ್ಪ’ದಲ್ಲೇ. ಫೋಟೊಶಾಪಿನಲ್ಲಿ ಎಷ್ಟು ಶಾರ್ಪ್ ಎಂದು ಹೇಳುವ ಅಮೌಂಟ್ 100 ದಾಟಿ 300ಕ್ಕೆ ಹೋಯಿತೆಂದರೆ ಮಾವನವರ ಮೀಸೆ ಪಾತ್ರೆ ತಿಕ್ಕುವ ತಂತಿಯಾಗುತ್ತದೆ, ಅತ್ತೆಯವರ ಸೆರಗಿನ ಜರಿ ಕಣ್ಣಿಗೆ ಚುಚ್ಚುತ್ತದೆ, ಹಿಂದೆ ನಿಂತ ಕಡ್ಲಿಪುರಿ ಅಂಗಡಿಯವನ ತಲೆಯ ಸುತ್ತ ಬಿಳಿ ಪ್ರಭಾವಳಿ ಮೂಡುತ್ತದೆ.

ಸಾಫ್ಟ್‌ವೇರಿಗೆ ಮೀಸೆ, ಜರಿ ಎಂಬ ಭೇದವಿಲ್ಲ. ಬೆಳಕು ನೆರಳು ಕೂಡುವ ಅಂಚು ಸಿಕ್ಕರೆ ಕಪ್ಪಿನ ಕಡೆಯನ್ನು ಇನ್ನೂ ಕಪ್ಪು, ಬಿಳಿ ಕಡೆಯನ್ನು ಇನ್ನೂ ಬಿಳಿ ಮಾಡುತ್ತದೆ, ಅಷ್ಟೇ. ಕ್ಯಾಮೆರಾ ಹಿಡಿಯದ್ದನ್ನು ತಂದುಕೊಡುವುದಿಲ್ಲ. ಓಡುವ ಹುಡುಗನನ್ನು 1/15 ಸೆಕೆಂಡಿನ ನಿಧಾನ ಶಟರಿನಲ್ಲಿ ತೆಗೆದಿದ್ದರೆ ಅಲುಗಿ ಮೂಡಿದ ಅವನ ಎರಡು ಮೂಗೂ ಸ್ಪಷ್ಟವಾಗುತ್ತವೆ.

ಈ ಕೆಲಸದ ಹಳೆಯ ಆಯುಧದ ಹೆಸರು ‘ಅನ್‌ಶಾರ್ಪ್ ಮಾಸ್ಕ್’. ಚೂಪು ಮಾಡುವುದಕ್ಕೆ ‘ಚೂಪಲ್ಲದ’ ಎಂಬ ಹೆಸರೇ ಎಂದು ಗಾಬರಿಯಾಗಬೇಡಿ. ಅದು ಡಾರ್ಕ್‌ರೂಮಿನಿಂದ ಬಂದದ್ದು. ಆಗ ನೆಗೆಟಿವಿನ ಮಸುಕು ಪಾಸಿಟಿವ್ ಪ್ರತಿಯನ್ನು ಅದರ ಜೊತೆ ಜೋಡಿಸಿ ಪ್ರಿಂಟ್ ಹಾಕುತ್ತಿದ್ದರು. ಈಗ ಕಂಪ್ಯೂಟರ್ ತಾನೇ ಒಂದು ಮಸುಕು ಪ್ರತಿ ಮಾಡಿಕೊಂಡು, ಮೂಲಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಮೂಲಕ್ಕೆ ಕೂಡಿಸುತ್ತದೆ.

ಪರದೆಯ ಮೇಲೆ ನೋಡುವ ಫೋಟೊಕ್ಕೆ ಅಮೌಂಟ್ 80ರಿಂದ 120, ರೇಡಿಯಸ್ (ಅಂಚಿನ ಸುತ್ತ ಎಷ್ಟು ಅಗಲಕ್ಕೆ ಎಂಬುದು) 0.5ರಿಂದ 1 ಪಿಕ್ಸೆಲ್, ಥ್ರೆಶೋಲ್ಡ್ (ಎಷ್ಟು ವ್ಯತ್ಯಾಸವಿದ್ದರೆ ಅಂಚೆಂದು ಎಣಿಸಬೇಕು ಎಂಬುದು) 2ರಿಂದ 4 ಇದ್ದರೆ ಮರ್ಯಾದೆ ಉಳಿಯುತ್ತದೆ. ಪ್ರಿಂಟಿಗಾದರೆ ರೇಡಿಯಸ್ 1.5ರ ತನಕ ಏರಿಸಬಹುದು, ಕಾಗದ ಸ್ವಲ್ಪ ನುಂಗಿಕೊಳ್ಳುತ್ತದೆ. ರೇಡಿಯಸ್ 5 ಮಾಡಿದರೆ ಪ್ರಭಾವಳಿ ಖಚಿತ. ಥ್ರೆಶೋಲ್ಡ್ ಸೊನ್ನೆಯಲ್ಲಿಟ್ಟು, ಕತ್ತಲಿಗೆಂದು ಕ್ಯಾಮೆರಾದ ಸೂಕ್ಷ್ಮತೆ ಏರಿಸಿ ಐಎಸ್‌ಒ 6400ರಲ್ಲಿ ತೆಗೆದ ಕಾಳುಕಾಳಾದ ರಾತ್ರಿ ಮೆರವಣಿಗೆಯನ್ನು ಚೂಪು ಮಾಡಿದರೆ ವರನ ಕೆನ್ನೆ ಉಪ್ಪಿಟ್ಟಿನ ರವೆ. ಮೊದಲು ಆ ಕಾಳು, ಅಂದರೆ ನಾಯ್ಸ್, ಇಳಿಸಬೇಕು.

ಇಟಗಿಯ ಮಹಾದೇವ ದೇವಾಲಯದ ಕೆತ್ತನೆಗೆ ಎಷ್ಟು ಸಾಣೆ ಹಿಡಿದರೂ ಕಲ್ಲು ತಡೆಯುತ್ತದೆ, 1112ರಿಂದ ತಡೆದುಕೊಂಡೇ ನಿಂತಿದೆ. ಮದುಮಗಳ ಕೆನ್ನೆ ತಡೆಯುವುದಿಲ್ಲ. ಮೇಕಪ್ಪಿನವರು ಎರಡು ತಾಸು ಮುಚ್ಚಿದ ಮೊಡವೆಯನ್ನು ನೀವು ಎರಡು ಸೆಕೆಂಡಿನಲ್ಲಿ ಹೊರತೆಗೆಯುತ್ತೀರಿ. ಫೋಟೊದ ಲೇಯರಿನ, ಅಂದರೆ ಪದರದ, ನಕಲು ಮಾಡಿ ಅದನ್ನು ಚೂಪಾಗಿಸಿ, ಬಣ್ಣ ಬಿಟ್ಟು ಬೆಳಕಿಗೆ ಮಾತ್ರ ತಾಗುವಂತೆ ಬ್ಲೆಂಡಿಂಗ್ ‘ಲ್ಯುಮಿನಾಸಿಟಿ’ಗೆ ಇಡಿ, ಅಂಚಿಗೆ ಬಣ್ಣದ ಗೆರೆ ಬರುವುದಿಲ್ಲ. ಆಮೇಲೆ ಆ ನಕಲನ್ನು ಮರೆಮಾಡುವ ಕಪ್ಪು ಮಾಸ್ಕ್ ಹಾಕಿ ಕಣ್ಣು, ತುಟಿ, ಒಡವೆಗಳ ಮೇಲೆ ಮಾತ್ರ ಬಿಳಿ ಬ್ರಷ್ ಆಡಿಸಿ.

ಬಳ್ಳಾರಿಯಲ್ಲಿ ಇನ್ನೆರಡು ಕಾಟ. ಜೀನ್ಸ್ ಹೊಲಿಯುವ ಊರು, ಅಂಗಡಿಗಳ ಫೋಟೊಗಳಲ್ಲಿ ಬಟ್ಟೆಯ ನೇಯ್ಗೆ ಪಿಕ್ಸೆಲ್ಲಿನ ಜೊತೆ ಜಗಳಕ್ಕೆ ಬಿದ್ದು ಅಲೆಅಲೆಯ ಪಟ್ಟೆ ಎಳೆದಿರುತ್ತದೆ. ಶಾರ್ಪ್ ಮಾಡಿದರೆ ಪ್ಯಾಂಟು ಈಜಾಡತೊಡಗುತ್ತದೆ. ಇನ್ನೊಂದು ಧೂಳು. ಸೆನ್ಸರಿನ ಮೇಲೆ ಕೂತದ್ದು ಬಿಳಿ ಆಕಾಶದಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಅದನ್ನು ಕಲೆ ಅಳಿಸುವ ಹೀಲಿಂಗ್ ಬ್ರಷ್ಷಿನಲ್ಲಿ ಒರೆಸದೆ ಸಾಣೆ ಹಿಡಿದರೆ ಕೋಟೆ ಗುಡ್ಡದ ಮೇಲೆ ನೊಣದ ಹಿಂಡು.

ಅಳತೆ ಇಳಿಸುವುದು ಮೊದಲು, ಚೂಪು ಮಾಡುವುದು ಕಡೆಗೆ. 6000 ಪಿಕ್ಸೆಲ್ಲಿನಲ್ಲಿ ಮಾಡಿದ್ದು 1200ಕ್ಕೆ ಇಳಿಸುವಾಗ ಮಾಯ. ನೋಡುವುದು 100 ಪರ್ಸೆಂಟ್ ಜೂಮಿನಲ್ಲಿ. ಪರದೆಗೆ ಕುಗ್ಗಿಸಿ ನೋಡಿದರೆ ಕಣ್ಣು ಮೋಸ ಹೋಗಿ ಕೈ ಅಮೌಂಟಿನ ಸ್ಲೈಡರನ್ನು ಬಲಕ್ಕೆ ಎಳೆಯುತ್ತಲೇ ಇರುತ್ತದೆ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಅದು ಮತ್ತೆ ಹಿಂಡುತ್ತದೆ.

ಇಷ್ಟೆಲ್ಲ ಮಾಡಿ ಪ್ರಿಂಟ್ ಕೈಗಿಟ್ಟರೆ ಗಿರಾಕಿ ಕಣ್ಣು ಕಿರಿದು ಮಾಡುತ್ತಾನೆ. “ಹಿಂದ ನಿಂತಾವ ಯಾರಂತ ಈಗ ಗೊತ್ತಾತು ನೋಡ್ರಿ, ನಮ್ಮ ಹೊಲದ ಬದು ಒತ್ತಿದಾವ. ಅವನೊಬ್ಬನ್ನ ಮತ್ತ ಮಂಕ ಮಾಡ್ರಿ ಅಣ್ಣಾರ.”