ಕಿತ್ತಳೆ ದೀಪಕ್ಕೆ ಊದುಬತ್ತಿ

ಆಟಿ ತಿಂಗಳಲ್ಲಿ ಉಡುಪಿಯ ಫೋಟೊ ಸ್ಟುಡಿಯೊದವನಿಗೆ ಎರಡೇ ಕೆಲಸ. ಲೆನ್ಸಿಗೆ ಬೂಷ್ಟು ಹಿಡಿಯದಂತೆ ಕಾಯುವುದು ಒಂದು, ಬೇಸಗೆಯ ಮದುವೆಗಳ ಆಲ್ಬಮ್ ಕೊಡದೆ ದಿನ ದೂಡುವುದು ಇನ್ನೊಂದು. ಎರಡನೆಯದಕ್ಕೆ ಒಂದು ತೊಡಕಿದೆ. ಹೊಸ ಮದುಮಗಳು ಆಟಿಗೆಂದು ತವರಿಗೆ ಬಂದಿರುತ್ತಾಳೆ. ಹೊರಗೆ ಮಳೆ, ಒಳಗೆ ಪತ್ರೊಡೆ, ಕೈಯಲ್ಲಿ ಮೊಬೈಲ್. ಆಲ್ಬಮ್ ಎಲ್ಲಿ ಎಂದು ಕೇಳದೆ ಅವಳಾದರೂ ಏನು ಮಾಡಿಯಾಳು?

ಅಂಥದೊಂದು ಬೆಳಿಗ್ಗೆ ಕಲ್ಸಂಕದ ಹತ್ತಿರದ ನನ್ನ ಅಂಗಡಿಯ ಶಟರ್ ಎತ್ತಿದರೆ, ಫೋಟೊಗಳನ್ನೆಲ್ಲ ತುಂಬಿಟ್ಟ ಪೆಟ್ಟಿಗೆ ಕೀಂ ಕೀಂ ಎಂದು ಕೂಗುತ್ತಿತ್ತು. ಕಂಪ್ಯೂಟರಿನಲ್ಲಿ ಮದುವೆ, ಸೀಮಂತ, ಗೃಹಪ್ರವೇಶ, ಉಪನಯನಗಳು ಇರಬೇಕಾದ ಜಾಗ ಬಟಾಬಯಲು. ಮೇ ತಿಂಗಳ ಮದುವೆಯೊಂದರ ಧಾರೆಯ ಫೋಟೊಗಳೂ ಅದರಲ್ಲೇ ಇದ್ದವು. ಕ್ಯಾಮೆರಾದ ಕಾರ್ಡುಗಳನ್ನು ಮುಂದಿನ ಮದುವೆಗೆಂದು ಅಂದೇ ಅಳಿಸಿಯಾಗಿತ್ತು.

ಪೆಟ್ಟಿಗೆಯೊಳಗೆ ತಲಾ 4 ಟೆರಾಬೈಟಿನ ನಾಲ್ಕು ಹಾರ್ಡ್ ಡಿಸ್ಕುಗಳು. ಜೋಡಿಸಿಕೊಟ್ಟವರು ಇದು ರೇಡ್ 5 ಎಂದಿದ್ದರು. 16ರಲ್ಲಿ ನಮ್ಮ ಬಳಕೆಗೆ 12 ಮಾತ್ರ, ಉಳಿದದ್ದು ಜಾಮೀನಿಗೆ. ಮೂರು ಡಿಸ್ಕುಗಳು ತಮ್ಮ ತಮ್ಮ ಲೆಕ್ಕ ಬರೆದುಕೊಂಡರೆ ನಾಲ್ಕನೆಯದು ಮೊತ್ತದಂಥ ಒಂದು ಲೆಕ್ಕ ಬರೆದಿಡುತ್ತದೆ. ಯಾವ ಒಂದು ಸತ್ತರೂ ಉಳಿದ ಮೂರರಿಂದ ಅದರ ಪಾಲನ್ನು ಲೆಕ್ಕ ಹಾಕಿ ತೆಗೆಯಬಹುದು. ಮೊತ್ತ ಬರೆಯುವ ಕೆಲಸವೂ ಒಬ್ಬರಿಗೇ ಕಾಯಂ ಅಲ್ಲ, ಸರದಿಯಂತೆ ಸುತ್ತುತ್ತದೆ. ಎಂಟು ಮಠಗಳ ನಡುವೆ ಎರಡು ವರ್ಷಕ್ಕೊಮ್ಮೆ ಪರ್ಯಾಯ ನಡೆಯುವ ಊರಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಈ ಏರ್ಪಾಟಿನ ಬಗ್ಗೆ ಬರೆದಾಗ ರೇಡ್ (RAID) ಎಂಬುದರ ‘ಐ’ ಅಂದರೆ ಇನ್‌ಎಕ್ಸ್‌ಪೆನ್ಸಿವ್, ಅಗ್ಗದ್ದು ಎಂದಿತ್ತು. ಆಮೇಲೆ ಅದು ಇಂಡಿಪೆಂಡೆಂಟ್, ಸ್ವತಂತ್ರ ಎಂದಾಯಿತು. ಬಿಲ್ ಕೈಗೆ ಬಂದಾಗ ಯಾಕೆಂದು ಹೊಳೆಯಿತು.

ಒಂದು ಸತ್ತರೂ ಚಿಂತೆಯಿಲ್ಲ ಎಂಬ ಮಾತನ್ನು ನಾನು ಎಷ್ಟು ನಂಬಿದ್ದೆನೆಂದರೆ, ಸತ್ತದ್ದೇ ನನಗೆ ಗೊತ್ತಾಗಲಿಲ್ಲ. ಫೆಬ್ರವರಿಯಲ್ಲಿ ಪೆಟ್ಟಿಗೆ ಒಮ್ಮೆ ಕೂಗಿತ್ತಂತೆ. ಮದುವೆಗಳ ಗಡಿಬಿಡಿಯಲ್ಲಿ ನಮ್ಮ ಹುಡುಗ ಯಾವುದೋ ಗುಂಡಿ ಒತ್ತಿ ಬಾಯಿ ಮುಚ್ಚಿಸಿದ. ಅಂದಿನಿಂದ ನಾಲ್ಕು ಹಸಿರು ದೀಪಗಳಲ್ಲಿ ಒಂದು ಕಿತ್ತಳೆಯಾಯಿತು. ಪೆಟ್ಟಿಗೆ ಇರುವುದು ಗಣಪತಿಯ ಪಟದ ಕೆಳಗಿನ ಹಲಗೆಯ ಮೇಲೆ. ಬೆಳಿಗ್ಗೆ ಕತ್ತಲ ಕೋಣೆಗೆ ಕಾಲಿಟ್ಟರೆ ಆ ಬೆಳಕು ಥೇಟ್ ನಂದಾದೀಪ. ಐದು ತಿಂಗಳು ದಿನವೂ ಅದರ ಪಕ್ಕ ಊದುಬತ್ತಿ ಹಚ್ಚಿದ್ದೇನೆ. ಸತ್ತವರ ತಲೆದೆಸೆಯಲ್ಲಿ ಹಚ್ಚುವುದೂ ಅದನ್ನೇ ಅಲ್ಲವೇ, ಪದ್ಧತಿ ತಪ್ಪಿಲ್ಲ.

ಈಗ ಎರಡನೆಯ ಡಿಸ್ಕೂ ಕೈಕೊಟ್ಟಿತ್ತು. ಬೆಂಗಳೂರಿನಲ್ಲಿ ಇಂಥದೇ ಕೆಲಸದಲ್ಲಿರುವ ತಂಗಿಯ ಮಗಳಿಗೆ ಫೋನ್ ಮಾಡಿದೆ.

“ಮಾವ, ಮೊದಲು ಸ್ವಿಚ್ ಆರಿಸಿ. ಇನಿಶಿಯಲೈಸ್ ಮಾಡಲೇ, ಅಂದರೆ ಇದ್ದದ್ದನ್ನು ಅಳಿಸಿ ಹೊಸದಾಗಿ ಶುರುಮಾಡಲೇ ಎಂದು ಅದು ಕೇಳಿದರೆ ಅಪ್ಪಿತಪ್ಪಿಯೂ ಹೂಂ ಎನ್ನಬೇಡಿ. ಡಿಸ್ಕ್ ತೆಗೆಯುವ ಮೊದಲು ಯಾವುದು ಎಷ್ಟನೆಯದೆಂದು ನಂಬರ್ ಬರೆದುಕೊಳ್ಳಿ.”

ತಿರುಗಿ ನೋಡಿದೆ. ಹುಡುಗ ನಾಲ್ಕನ್ನೂ ಎಳೆದು, ಒರೆಸಿ, ಹಪ್ಪಳ ಒಣಹಾಕಿದಂತೆ ಮೇಜಿನ ಮೇಲೆ ಹರಡಿದ್ದ. ನಾಲ್ಕನ್ನು ಸಾಲಾಗಿ ಜೋಡಿಸುವ ಬಗೆಗಳು 24.

“ಟಕ್ ಟಕ್ ಸದ್ದು ಬರುತ್ತಿತ್ತೇ? ಬಂದಿದ್ದರೆ ಅದನ್ನು ಮತ್ತೆ ಚಾಲೂ ಮಾಡುವಂತಿಲ್ಲ, ಲ್ಯಾಬಿಗೇ ಹೋಗಬೇಕು.”

ಒಂದನ್ನು ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿಯಲ್ಲಿ ನೀರಿದೆಯೇ ಎಂದು ನೋಡುವಂತೆ ಅಲುಗಾಡಿಸಿದೆ.

“ಮಾವ, ಅಲುಗಾಡಿಸುತ್ತಿದ್ದೀರಾ?”

ಇಲ್ಲವೆಂದೆ. ಅದು ಆ ದಿನದ ಮೊದಲ ಸುಳ್ಳು. ಎರಡನೆಯದು ಮದುಮಗಳ ತಾಯಿಗೆ. “ಬಣ್ಣ ತಿದ್ದುತ್ತಿದ್ದೇವೆ ಅಕ್ಕ, ಸೂಕ್ಷ್ಮ ಕೆಲಸ.”

ಸುದ್ದಿ ಕೇಳಿದವರೆಲ್ಲ ವೈದ್ಯರಾದರು. ಎದುರಿನ ಹೋಟೆಲಿನವರು ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ ಎಂದರು. ಈ ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದದ್ದು ಏನೇ ಆಗಲಿ ಕ್ಷಣದಲ್ಲಿ ಬೆವರುತ್ತದೆ, ಡಿಸ್ಕಿಗೆ ಅದು ವಿಷ. ಮನೆಯವಳು ನೀರಿಗೆ ಬಿದ್ದ ಮೊಬೈಲಿನ ನೆನಪಿನಲ್ಲಿ ಕುಚ್ಚಲಕ್ಕಿಯ ಡಬ್ಬ ಕಳಿಸಿದಳು. ಅಕ್ಕಿಯನ್ನು ಮಧ್ಯಾಹ್ನ ಗಂಜಿ ಮಾಡಿ ಉಂಡೆವು.

ತಂಗಿಯ ಮಗಳು ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿಯಲ್ಲಿ ಮೂರು ಗಂಟೆ ಸಿಕ್ಕಿಕೊಂಡು, ಬ್ಯಾಗಿನಲ್ಲಿ 16 ಟೆರಾಬೈಟಿನ ಡಿಸ್ಕ್ ಹೊತ್ತು ಬಂದಳು. 24ರ ಲೆಕ್ಕ ಹೇಳಿ ಹಣೆ ಚಚ್ಚಿಕೊಂಡೆ. ಅವಳು ನಕ್ಕಳು. ಪ್ರತಿ ಡಿಸ್ಕಿನೊಳಗೂ ತಾನು ಎಷ್ಟನೆಯವನೆಂಬುದು ಬರೆದಿರುತ್ತದೆಯಂತೆ. ಅಮ್ಮ ಪಾತ್ರೆಗಳ ಮೇಲೆಲ್ಲ ಹೆಸರು ಕೆತ್ತಿಸುತ್ತಿದ್ದದ್ದು ನೆನಪಾಯಿತು. ಯಾರ ಮನೆಯ ಸಮಾರಂಭಕ್ಕೆ ಹೋಗಿದ್ದರೂ ನಮ್ಮ ಸೌಟು ನಮ್ಮಲ್ಲಿಗೇ ಮರಳುತ್ತಿತ್ತು.

ಫೆಬ್ರವರಿಯ ಡಿಸ್ಕನ್ನು ಅವಳು ಪಕ್ಕಕ್ಕಿಟ್ಟಳು. ಅದಕ್ಕೆ ಜೀವ ಬಂದರೂ ಪ್ರಯೋಜನವಿಲ್ಲ, ಮೇ ತಿಂಗಳ ಮದುವೆಯೇ ಅದಕ್ಕೆ ತಿಳಿಯದು. ಉಳಿದ ಮೂರರ ನಕಲು ತೆಗೆದು, ನಕಲುಗಳ ಮೇಲಷ್ಟೇ ಕೈಯಾಡಿಸಬೇಕು. ಗಟ್ಟಿಯಿದ್ದ ಎರಡಕ್ಕೆ ತಲಾ ಏಳೆಂಟು ಗಂಟೆ ಹಿಡಿಯಿತು. ಮೂರನೆಯದು ಓದಲು ತಡವರಿಸುತ್ತಿತ್ತು. ಅದಕ್ಕೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ. ಮೊದಲ ಸುತ್ತಿನಲ್ಲಿ ಸಲೀಸಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಕೊಸರಾಡುವ ಭಾಗಗಳನ್ನು ಗುರುತು ಹಾಕಿಟ್ಟು ಆಮೇಲೆ ಮತ್ತೆ ಮತ್ತೆ ಹೋಗಿ ಕೇಳುತ್ತದೆ. ಬಾಕಿ ವಸೂಲಿಗೆ ನಾನು ಹೋಗುವುದೂ ಹೀಗೆಯೇ. ಮೂರು ದಿನದಲ್ಲಿ ಐದು ಸಲ ಕರೆಂಟು ಹೋಯಿತು. ಐದು ಸಲವೂ ಅದು ಬಿಟ್ಟಲ್ಲಿಂದಲೇ ಮುಂದುವರಿಯಿತು. ನಾನು ಮಾತ್ರ ಪ್ರತಿ ಸಲ ಹೊಸದಾಗಿ ಬೆವರಿದೆ.

ನಾಲ್ಕನೆಯ ಸಂಜೆ ಮೇ ತಿಂಗಳ ಮದುಮಗಳು ಪರದೆಯ ಮೇಲೆ ತಲೆತಗ್ಗಿಸಿ ನಿಂತಳು. ನನ್ನ ಮಗಳ ಮದುವೆಯಲ್ಲೂ ನಾನು ಅಷ್ಟು ಅತ್ತಿರಲಿಲ್ಲ. ಹನ್ನೊಂದು ಫೋಟೊಗಳು ಮಾತ್ರ ಅರ್ಧಕ್ಕೇ ನಿಂತಿದ್ದವು. ಮೇಲ್ಭಾಗದಲ್ಲಿ ಮುಖಗಳು, ಎದೆಯಿಂದ ಕೆಳಗೆ ಬರೀ ಬೂದು. ಅವನ್ನು ಬೇರೆ ಇಡಲು ಹುಡುಗನಿಗೆ ಹೇಳಿದ್ದೆ.

ಎರಡು ವಾರ ಬಿಟ್ಟು ತಾಯಿ ಅಂಗಡಿಗೆ ಬಂದು ಆಲ್ಬಮ್ ತಿರುವತೊಡಗಿದರು. ನಡುವಿನ ಪುಟದಲ್ಲಿ ಬೆರಳು ನಿಂತಿತು. ಗಂಡಿನ ಕಡೆಯವರು ಸಾಲಾಗಿ ನಗುತ್ತಿದ್ದಾರೆ, ಸೊಂಟವಿಲ್ಲ, ಕಾಲಿಲ್ಲ, ಬೂದು ಮೋಡದ ಮೇಲೆ ತೇಲುತ್ತಿದ್ದಾರೆ. ನಾನು ಹುಡುಗನನ್ನು ನೋಡಿದೆ. ಅವನು ಗಣಪತಿಯನ್ನು ನೋಡುತ್ತಿದ್ದ.

“ಏನು ಚೆಂದ ಮಾರಾಯರೇ!” ಎಂದರು ಅವರು, ಕನ್ನಡಕ ಸರಿಪಡಿಸಿಕೊಂಡು. “ಇಷ್ಟು ದಿನ ಹಿಡಿದದ್ದು ಇದಕ್ಕೆಯೋ?”

“ಹೌದಕ್ಕ, ಇದಕ್ಕೇ” ಎಂದೆ. ಆ ಮನೆಯವರಿಗೆ ನಾನು ಹೇಳಿದ ಮೊದಲ ನಿಜ ಅದು.