ಸರಪಳಿಗೊಂದು ಬಾಗಿನ

ಅಣೆಕಟ್ಟು ತುಂಬಿದರೆ ಬಾಗಿನ ಕೊಡಬೇಕು ಎಂಬುದು ಯಾವ ಪಕ್ಷ ಗದ್ದುಗೆಗೆ ಬಂದರೂ ಬದಲಾಗದ ನಮ್ಮ ಏಕೈಕ ನೀರಾವರಿ ನೀತಿ. ಹೊಸ ಮೊರ, ಅರಿಶಿನ, ಕುಂಕುಮ, ಹಸಿರು ಬಳೆ, ಕುಪ್ಪಸದ ಕಣ, ತೆಂಗಿನಕಾಯಿ, ಬೇಳೆಕಾಳು, ಒಂದೂ ತಪ್ಪುವುದಿಲ್ಲ. ಟೆಂಡರಿನ ತಕರಾರಿಲ್ಲ, ನ್ಯಾಯಾಲಯದ ತಡೆಯಾಜ್ಞೆಯಿಲ್ಲ, ಪರಿಷ್ಕೃತ ಅಂದಾಜು ಪಟ್ಟಿಯಿಲ್ಲ. ಹೇಳಿದ ಮುಹೂರ್ತಕ್ಕೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುವ ಸರ್ಕಾರಿ ಕೆಲಸ ಇದೊಂದೇ ಇರಬೇಕು. ನದಿಗೆ ಉಡಿ ತುಂಬುವ ಈ ಗಡಿಬಿಡಿಯಲ್ಲಿ, ಆ ನದಿಯನ್ನು ತಡೆದು ನಿಲ್ಲಿಸಿರುವ ಕಬ್ಬಿಣದ ಯೋಗಕ್ಷೇಮವನ್ನು ವಿಚಾರಿಸಬೇಕೆಂದು ಯಾವ ಪಂಚಾಂಗದಲ್ಲಿಯೂ ಬರೆದಿಲ್ಲ.

2024ರ ಆಗಸ್ಟ್ 10ರ ರಾತ್ರಿ ಆ ಕಬ್ಬಿಣ ತಾನಾಗಿಯೇ ಬಾಯಿಬಿಟ್ಟಿತು. ತುಂಗಭದ್ರಾ ಅಣೆಕಟ್ಟಿನ ನೆತ್ತಿಯಲ್ಲಿ ಹೆಚ್ಚಿನ ನೀರನ್ನು ಹೊಳೆಗೆ ಬಿಡುವ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದನ್ನು ಎತ್ತಿ ಇಳಿಸುವ ಸರಪಳಿ ತುಂಡಾಯಿತು. ಗೇಟು ಕೊಚ್ಚಿಹೋಯಿತು. ಬಾಗಿನ ಹಿಡಿದುಕೊಂಡು ಬರಬೇಕಿದ್ದವರು ಬರಿಗೈಯಲ್ಲಿ ಬಂದು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಬಗ್ಗಿ ನೋಡಿ, ಕ್ಯಾಮೆರಾದ ಕಡೆಗೆ ತಿರುಗಿ ‘ಆತಂಕ ಬೇಡ’ ಎಂದು ಹೇಳಿ ಹೋದರು.

ಗದಗಿನವರು ಇದನ್ನೆಲ್ಲ ಟಿವಿಯಲ್ಲಿ ನೋಡಿದೆವು. ನಮ್ಮ ಊರಿಗೂ ತುಂಗಭದ್ರೆಗೂ ಬಹಳ ಹಳೆಯ ಸಂಬಂಧ. ಹಳೆಯ ಸಂಬಂಧಗಳಲ್ಲಿ ಆಗುವಂತೆ ಭೇಟಿ ಅಪರೂಪ. ಮುಂಡರಗಿ ಸೀಮೆಯ ಅಂಚನ್ನು ಸವರಿಕೊಂಡು, ಹಮ್ಮಿಗಿಯ ಬ್ಯಾರೇಜನ್ನು ದಾಟಿಕೊಂಡು ಹೊಳೆ ಹೋಗುತ್ತದೆ. ಗದಗ-ಬೆಟಗೇರಿಯ ನಲ್ಲಿಗೆ ಅದೇ ಹೊಳೆಯ ನೀರು. ಆದರೆ ನಲ್ಲಿಗೆ ಬರುವುದು ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ, ಮನಸ್ಸು ಬಂದರೆ ಹದಿನೈದು ದಿನಕ್ಕೊಮ್ಮೆ. ಹೀಗಾಗಿ ಮುಳಗುಂದ ನಾಕಾದ ಚಹಾದಂಗಡಿಯಲ್ಲಿ ಟಿವಿಯ ಮುಂದೆ ನಿಂತವರ ಮುಖದಲ್ಲಿ ಆತಂಕಕ್ಕಿಂತ ಹೆಚ್ಚಾಗಿ ಇದ್ದದ್ದು ಹೊಟ್ಟೆಕಿಚ್ಚು.

‘ಕಾಕಾ, ಒಂದು ಗೇಟಿನಿಂದಲೇ 35 ಸಾವಿರ ಕ್ಯೂಸೆಕ್ ಹೋಗುತ್ತಿದೆಯಂತೆ’ ಎಂದ ಒಬ್ಬ ಹುಡುಗ.

‘ಹೋಗಲಿ ಬಿಡಪ್ಪಾ, ಎಲ್ಲಾದರೂ ಒಂದು ಕಡೆ ನೀರು ಬಂತಲ್ಲ’ ಎಂದರು ಕಾಕಾ.

ನಾನು ಚೀಟಿಯ ಮೇಲೆ ಲೆಕ್ಕ ಹಾಕಿದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗಿಂತ ತುಸು ಹೆಚ್ಚು. 35 ಸಾವಿರ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು ಲಕ್ಷ ಲೀಟರು. 2011ರ ಜನಗಣತಿಯಂತೆ ಗದಗ-ಬೆಟಗೇರಿಯ ಜನಸಂಖ್ಯೆ ಸುಮಾರು 1.72 ಲಕ್ಷ. ನಗರವಾಸಿಗೆ ದಿನಕ್ಕೆ 135 ಲೀಟರು ಎಂದು ಸರ್ಕಾರದ್ದೇ ಒಂದು ಮಾನದಂಡವಿದೆ. ಅದನ್ನು ಓದಿದಾಗ ನಮ್ಮಲ್ಲಿ ಕೆಲವರಿಗೆ ಕಣ್ಣಲ್ಲಿ ನೀರು ಬರುತ್ತದೆ, ಅಷ್ಟರಮಟ್ಟಿಗೆ ಅದು ಜಾರಿಯಲ್ಲಿದೆ. ಆ ಲೆಕ್ಕದಲ್ಲಿ ಇಡೀ ಅವಳಿ ಊರಿನ ಒಂದು ದಿನದ ನೀರು ಆ ಗೇಟಿನಿಂದ ಅರ್ಧ ನಿಮಿಷದೊಳಗೆ ಹೊರಬೀಳುತ್ತಿತ್ತು. ಒಂದು ಗಂಟೆ ಹರಿದರೆ ನಮಗೆ ಐದು ತಿಂಗಳು. ಟಿವಿಯವರು ಅಷ್ಟರಲ್ಲಿ ಜಾಹೀರಾತು ಹಾಕಿದರು. ಅದು ನೀರಿನ ಟ್ಯಾಂಕಿನದು.

ಆಮೇಲೆ ಶುರುವಾದದ್ದು ಸರಪಳಿ ಯಾರದ್ದು ಎಂಬ ಜಿಜ್ಞಾಸೆ. ಅಣೆಕಟ್ಟು ಇರುವುದು ಕರ್ನಾಟಕದಲ್ಲಿ. ನೋಡಿಕೊಳ್ಳುವುದು 1953ರಲ್ಲಿ ಕೇಂದ್ರ ರಚಿಸಿದ ತುಂಗಭದ್ರಾ ಮಂಡಳಿ. ಅದರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣಗಳ ಪ್ರತಿನಿಧಿಗಳಿದ್ದಾರೆ. ವಿರೋಧ ಪಕ್ಷದವರು ರಾಜ್ಯ ಸರ್ಕಾರದ ನಿರ್ಲಕ್ಷ್ಯ ಎಂದರು. ರಾಜ್ಯದವರು ಮಂಡಳಿಯ ಕಡೆಗೆ, ಮಂಡಳಿಯ ಮೂಲಕ ದೆಹಲಿಯ ಕಡೆಗೆ ಬೆರಳು ತೋರಿಸಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸಿಗೆ ಎಪ್ಪತ್ತು ದಾಟಿತ್ತು, ತಂದೆತಾಯಿಗಳೇ ನಾಲ್ಕು ಜನ. ನೀರು ಬೇಕಾದಾಗ ನಾಲ್ವರೂ ಹಕ್ಕುದಾರರು, ಸರಪಳಿ ತುಂಡಾದಾಗ ನಾಲ್ವರೂ ದೂರದ ಬಂಧುಗಳು.

ಈ ಅಣೆಕಟ್ಟಿನ ಜಾತಕವೇ ಹಾಗಿದೆ. ಬರಪೀಡಿತ ಬಳ್ಳಾರಿ ಸೀಮೆಗೆ ತುಂಗಭದ್ರೆಯ ನೀರು ಕೊಡಬಹುದು ಎಂದು ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ 1860ರಲ್ಲಿಯೇ ಯೋಜನೆ ಮುಂದಿಟ್ಟಿದ್ದ. 1876-78ರ ಭೀಕರ ಬರ ಬಂದು ಜನರನ್ನು ಗುಡಿಸಿಕೊಂಡು ಹೋಯಿತು. ಕಡತ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಎಂಬತ್ತೈದು ವರ್ಷ ಚರ್ಚಿಸಿ, 1945ರ ಫೆಬ್ರವರಿ 28ರಂದು ಅಡಿಗಲ್ಲು ಹಾಕಿದರು. ಒಂದಲ್ಲ, ಎರಡು. ಎಡದಂಡೆಯಲ್ಲಿ ಹೈದರಾಬಾದಿನ ಪರವಾಗಿ ಬೇರಾರಿನ ರಾಜಕುಮಾರ, ಬಲದಂಡೆಯಲ್ಲಿ ಮದ್ರಾಸಿನ ಪರವಾಗಿ ಗವರ್ನರ್ ಆರ್ಥರ್ ಹೋಪ್. ಒಂದೇ ಗೋಡೆಗೆ ಎರಡು ತುದಿಯಿಂದ ಎರಡು ಸರ್ಕಾರಗಳು ಪೂಜೆ ಮಾಡಿದವು. ನಡುವೆ ಸೇರುವ ಕೆಲಸವನ್ನು ಎಂಜಿನಿಯರುಗಳಿಗೆ ಬಿಟ್ಟವು. ಪುಣ್ಯಕ್ಕೆ ಮದ್ರಾಸಿನ ಕಡೆ ತಿರುಮಲೆ ಅಯ್ಯಂಗಾರರಂಥ ಎಂಜಿನಿಯರ್ ಇದ್ದರು. ಸುಣ್ಣ-ಸುರ್ಕಿಯ ಗಾರೆ ಹಾಕಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದರು. ಸುಮಾರು 90 ಹಳ್ಳಿಗಳು ಮುಳುಗಿದವು. 1953ರಲ್ಲಿ ನೀರು ನಿಂತಿತು.

ಇಲ್ಲೊಂದು ತಮಾಷೆಯನ್ನು ಗಮನಿಸಬೇಕು. ಅಡಿಗಲ್ಲು ಹಾಕಿದ ಎರಡು ಸರ್ಕಾರಗಳಲ್ಲಿ ಒಂದು ಈ ಹೊಳೆಯ ಲೆಕ್ಕದಿಂದಲೇ ಹೊರಗೆ ಹೋಗಿದೆ, ಇನ್ನೊಂದು ಭೂಪಟದಲ್ಲಿಯೇ ಇಲ್ಲ. ಕಟ್ಟಿ ಮುಗಿಸುವ ಹೊತ್ತಿಗೆ ಆಂಧ್ರ ಹುಟ್ಟಿತು, ಮೂರು ವರ್ಷಕ್ಕೆ ಹೈದರಾಬಾದ್ ರಾಜ್ಯ ಕರಗಿತು, ಕನ್ನಡ ನಾಡು ಒಂದಾಯಿತು, 2014ರಲ್ಲಿ ತೆಲಂಗಾಣ ಬಂತು. ಕಲ್ಲು ಮತ್ತು ಸುರ್ಕಿ ಇದೆಲ್ಲವನ್ನೂ ನೋಡುತ್ತ ಅಲ್ಲಾಡದೆ ನಿಂತಿವೆ.

ನೀರಿನ ಪಾಲುಪಟ್ಟಿಯೂ ಓದಲು ಸೊಗಸಾಗಿದೆ. ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಜಲಾಶಯದ ಲೆಕ್ಕವನ್ನು 230 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಎಂದು ಹಿಡಿದು, ಕರ್ನಾಟಕಕ್ಕೆ 138.99 ಟಿಎಂಸಿ ಎಂದು ದಶಮಾಂಶದ ಎರಡನೆಯ ಸ್ಥಾನದವರೆಗೆ ಅಳೆದುಕೊಟ್ಟಿದೆ. ಆವಿಯಾಗಿ ಹೋಗುವುದಕ್ಕೆಂದು 18 ಟಿಎಂಸಿ ತೆಗೆದಿಟ್ಟಿದೆ. ಅಂದರೆ ಸೂರ್ಯನೂ ಅಧಿಕೃತ ಪಾಲುದಾರ. ಸಭೆಗೆ ಬರದೆ, ಪ್ರಯಾಣ ಭತ್ಯೆ ಕೇಳದೆ, ಪಕ್ಕದ ರಾಜ್ಯದ ಮೇಲೆ ದಾವೆ ಹೂಡದೆ ತನ್ನ ಪಾಲನ್ನು ಎತ್ತಿಕೊಂಡು ಹೋಗುವ ಸಂಭಾವಿತ ಅವನೊಬ್ಬನೇ.

ಹೂಳಿನ ವಿಷಯ ಬೇರೆ. ಅದಕ್ಕೆ ಯಾವ ನ್ಯಾಯಮಂಡಳಿಯೂ ಪಾಲು ಕೊಟ್ಟಿಲ್ಲ. ಅದು ಬಂದು ಕುಳಿತಿದೆ. ಅಣೆಕಟ್ಟು ಹೊಸದಿದ್ದಾಗ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬುತ್ತ ತುಂಬುತ್ತ ಒಂದು ಸಮೀಕ್ಷೆಯ ಪ್ರಕಾರ ಅದು 100.855ಕ್ಕೆ ಇಳಿಯಿತು. ರೈತರು ಹೌಹಾರಿದರು. 2017ರಲ್ಲಿ ಸರ್ಕಾರಕ್ಕಾಗಿ ಕಾದು ಬೇಸತ್ತು ತಾವೇ ಟ್ರ್ಯಾಕ್ಟರ್ ತಂದು ಹೂಳು ಎತ್ತಲು ಇಳಿದರು. ಅವರ ಮುಗ್ಧತೆಗೆ ಮರುಗಬೇಕು. ಹೂಳು ತೆಗೆಯಲು ಟ್ರ್ಯಾಕ್ಟರ್ ಬೇಕಾಗಿಯೇ ಇರಲಿಲ್ಲ. ಮತ್ತೊಂದು ಸಮೀಕ್ಷೆಯ ಆಧಾರದ ಮೇಲೆ ಸಾಮರ್ಥ್ಯ 105.788 ಟಿಎಂಸಿ ಎಂದು ಒಪ್ಪಲಾಯಿತು. ಕಾಗದದ ಮೇಲೆ ಐದು ಟಿಎಂಸಿಯಷ್ಟು ಹೂಳು ಮಾಯ! ಅಳತೆಯ ವಿಧಾನ ಸುಧಾರಿಸಿದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು, ನಾನು ಅವರೊಡನೆ ವಾದಕ್ಕೆ ಇಳಿಯುವುದಿಲ್ಲ. ನನ್ನದು ಒಂದು ಸಲಹೆ ಮಾತ್ರ: ಇದೇ ದರದಲ್ಲಿ ಇನ್ನು ಆರು ಸಮೀಕ್ಷೆ ಮಾಡಿಸಿದರೆ ಸಾಮರ್ಥ್ಯ 135 ಟಿಎಂಸಿ ದಾಟುತ್ತದೆ, ಅಂದರೆ ಕಟ್ಟಿದ ದಿನಕ್ಕಿಂತ ಹೆಚ್ಚು. ಹೂಳು ನುಂಗಿದ ಜಾಗಕ್ಕೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಬೇಕೆಂದು ಸಾವಿರಾರು ಕೋಟಿಯ ಮಾತಾಡುತ್ತಿರುವವರು ಒಂದು ಅಳತೆ ಪಟ್ಟಿಯ ಬೆಲೆ ವಿಚಾರಿಸಲಿ.

ವಿದ್ಯುತ್ತಿನ ಮಾತು ಬೇಗ ಮುಗಿಯುತ್ತದೆ, ಏಕೆಂದರೆ ನಮ್ಮ ಪಾಲಿಗೆ ಬರುವುದೇ ಅಷ್ಟು. ಬಲದಂಡೆಯಲ್ಲಿ ಅಣೆಕಟ್ಟಿನ ಬುಡದ ವಿದ್ಯುದಾಗಾರ, ಕಾಲುವೆಯ ದಾರಿಯಲ್ಲಿ ಹಂಪಿಯದು, ಎರಡೂ ಸೇರಿ 72 ಮೆಗಾವಾಟ್. ಅದರಲ್ಲಿ ಆಂಧ್ರಕ್ಕೆ ನೂರಕ್ಕೆ 80, ನಮಗೆ 20. ಎಡದಂಡೆಯ ಮುನಿರಾಬಾದಿನದು ನಮ್ಮದೇ. ಟರ್ಬೈನ್ ತಿರುಗಬೇಕಾದರೆ ನೀರು ಅದರ ಕೊಳವೆಯೊಳಗೆ ಇಳಿದು ಕಾಲುವೆಗೆ ಹೋಗಬೇಕು. ಕ್ರಸ್ಟ್ ಗೇಟಿನಿಂದ ಧುಮುಕುವ ನೀರು ಟರ್ಬೈನಿನ ಕಡೆಗೆ ಕಣ್ಣೆತ್ತಿಯೂ ನೋಡದೆ ನೇರವಾಗಿ ಹೊಳೆಗೆ ಬೀಳುತ್ತದೆ. ಆ ವಾರ ಅಣೆಕಟ್ಟಿನಿಂದ ಹೊರಟ ಲಕ್ಷಾಂತರ ಕ್ಯೂಸೆಕ್ಕಿನ ಆರ್ಭಟದಿಂದ ಹುಟ್ಟಿದ ವಿದ್ಯುತ್ತೆಲ್ಲ ಟಿವಿ ಸ್ಟುಡಿಯೋಗಳಲ್ಲಿ ಉತ್ಪಾದನೆಯಾಯಿತು. ಆ ಚರ್ಚೆ ನಡೆದಿರುವಾಗಲೇ ನಮ್ಮ ಬಡಾವಣೆಯಲ್ಲಿ ಕರೆಂಟು ಹೋಯಿತು. ಕಪ್ಪತಗುಡ್ಡದ ಗಾಳಿಯಂತ್ರಗಳು ಎಂದಿನಂತೆ ತಿರುಗುತ್ತಿದ್ದವು, ಯಾರಿಗಾಗಿ ಎಂದು ಕೇಳಬಾರದು.

ಇನ್ನು ದುರಸ್ತಿ. ಗೇಟು ಹೋದ ಕಿಂಡಿಯನ್ನು ಮುಚ್ಚಲು ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಬೇಕು. ಎಪ್ಪತ್ತು ವರ್ಷದ ಅಣೆಕಟ್ಟಿನಲ್ಲಿ ಅದು ಸಿದ್ಧವಾಗಿ ಇರಲಿಲ್ಲ, ಹೊಸದಾಗಿ ಮಾಡಿಸಬೇಕಾಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ಮೂವತ್ತಕ್ಕೂ ಹೆಚ್ಚು ಟಿಎಂಸಿ ಖಾಲಿಯಾಯಿತು. ಕೆಲಸಕ್ಕೆ ಯಾರು? ಜಲಸಂಪನ್ಮೂಲ ಇಲಾಖೆಗಳು ಮೂರು ರಾಜ್ಯಗಳಲ್ಲಿವೆ, ಕೇಂದ್ರದಲ್ಲಿ ಆಯೋಗವಿದೆ, ಎಲ್ಲ ಕಡೆಯೂ ಮುಖ್ಯ ಎಂಜಿನಿಯರು, ಅಧೀಕ್ಷಕ ಎಂಜಿನಿಯರು, ಕಾರ್ಯನಿರ್ವಾಹಕ ಎಂಜಿನಿಯರು ಎಂದು ಮೆಟ್ಟಿಲು ಮೆಟ್ಟಿಲಾಗಿ ಕುಳಿತಿದ್ದಾರೆ. ಕೊನೆಗೆ ಕರೆಸಿದ್ದು ನಿವೃತ್ತರಾಗಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಎಂಬತ್ತರ ಆಸುಪಾಸಿನ ಆ ಹಿರಿಯರು ಬಂದರು, ಹರಿಯುವ ನೀರಿನಲ್ಲಿಯೇ ಕಾರ್ಮಿಕರನ್ನು ಕಟ್ಟಿಕೊಂಡು ನಿಂತರು, ಆಗಸ್ಟ್ 17ರ ಹೊತ್ತಿಗೆ ಐದು ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚಿದರು. ಅಣೆಕಟ್ಟಿನ ಪಕ್ಕದ ಗುಡ್ಡದ ಮೇಲೆ ‘ವೈಕುಂಠ’ ಎಂಬ ಹೆಸರಿನ ಅತಿಥಿಗೃಹವಿದೆ. ಮೇಲಿನವರು ಅಲ್ಲಿಂದ ಕೆಳಗಿನ ಕರ್ಮಭೂಮಿಯನ್ನು ವೀಕ್ಷಿಸಬಹುದು. ಹೆಸರಿಟ್ಟವರಿಗೆ ನಮ್ಮ ಆಡಳಿತದ ಪರಿಚಯ ಚೆನ್ನಾಗಿ ಇತ್ತು.

ಮಳೆರಾಯ ದೊಡ್ಡವನು. ಜಲಾಶಯ ಮತ್ತೆ ತುಂಬಿತು. ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿಗಳು ಬಂದು ಬಾಕಿ ಉಳಿದಿದ್ದ ಬಾಗಿನವನ್ನು ಸಲ್ಲಿಸಿದರು. ಮರುವರ್ಷ ಗೇಟುಗಳ ಮೇಲೆ ನಂಬಿಕೆ ಇಲ್ಲದ್ದರಿಂದ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸುವುದು ಬೇಡ ಎಂದು ತೀರ್ಮಾನವಾಯಿತು. ಅಂದರೆ ಹೂಳು ಎಪ್ಪತ್ತು ವರ್ಷದಲ್ಲಿ ನುಂಗಿದ್ದಕ್ಕೆ ಹತ್ತಿರ ಹತ್ತಿರದಷ್ಟನ್ನು ಸರಪಳಿಯ ಭಯ ಒಂದೇ ಹಂಗಾಮಿನಲ್ಲಿ ನುಂಗಿತು.

ನನ್ನದೊಂದು ಬಿನ್ನಹವಿದೆ. ಬಾಗಿನ ನಿಲ್ಲಿಸಬೇಡಿ, ಅದರಲ್ಲಿ ಊರ ಹೆಣ್ಣುಮಕ್ಕಳ ಭಕ್ತಿ ಇದೆ. ಮೊರದಲ್ಲಿ ಬಳೆಯ ಪಕ್ಕದಲ್ಲಿ ಒಂದು ಡಬ್ಬಿ ಗ್ರೀಸ್ ಇಡಿ. ಖಂಡೇಪೂಜೆಯ ದಿನ ಇಲಾಖೆಯ ಜೀಪು, ಕಂಪ್ಯೂಟರು, ಸಾಹೇಬರ ತಿರುಗುವ ಕುರ್ಚಿ, ಎಲ್ಲಕ್ಕೂ ವಿಭೂತಿ ಬಳಿದು ಚೆಂಡುಹೂವು ಕಟ್ಟುವಿರಲ್ಲ, ಆ ಹೂವು ಹಿಡಿದುಕೊಂಡು ಯಾರಾದರೂ ಒಬ್ಬರು ಸರಪಳಿಯವರೆಗೆ ಮೆಟ್ಟಿಲು ಹತ್ತಲಿ. ಹೂವು ಕಟ್ಟುವ ನೆಪದಲ್ಲಾದರೂ ತುಕ್ಕು ಕಣ್ಣಿಗೆ ಬೀಳುತ್ತದೆ.

ತಜ್ಞರ ಸಮಿತಿ ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದು ಹೇಳಿದೆ. 33 ಗೇಟು ಎಂದರೆ 33 ಉದ್ಘಾಟನೆ, 33 ಕಲ್ಲು, ಕಲ್ಲಿನ ಮೇಲೆ ಸಂಸದರು, ಶಾಸಕರು, ಜಿಲ್ಲಾ ಉಸ್ತುವಾರಿ ಸಚಿವರ ಹೆಸರು. ಮೂರು ರಾಜ್ಯಗಳಿಗೆ ತಲಾ ಹನ್ನೊಂದು ಎಂದು ಜಗಳವಿಲ್ಲದೆ ಹಂಚಬಹುದು, ಶೇಷ ಸೊನ್ನೆ. ಕೇಂದ್ರದವರು ತಮಗೇನು ಎಂದು ಕೇಳಿದರೆ ಸರಪಳಿಗಳನ್ನು ಬಿಟ್ಟುಕೊಡೋಣ. ತಕರಾರು ಬರುವುದಾದರೆ ಶಿಷ್ಟಾಚಾರ ವಿಭಾಗದಿಂದ ಬರಬಹುದು: ಗೇಟು ಏರುವಾಗ ಸಚಿವರ ಹೆಸರೂ ಏರುತ್ತದೆ, ಇಳಿಯುವಾಗ ನೀರಿನಲ್ಲಿ ಮುಳುಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಆಡಳಿತ ಪಕ್ಷದವರ ಗೇಟುಗಳನ್ನು ಇಳಿಸತಕ್ಕದ್ದಲ್ಲ.